ಬರೆದವರೇ ಪ್ರಕಾಶಕರಾದರೆ

ಸ್ವಂತ ಪ್ರಕಟಣೆ ಎಂದರೆ ಪುಸ್ತಕ ಬರೆದವರೇ ಅದರ ಖರ್ಚು ಹೊತ್ತು, ಅಚ್ಚು ಹಾಕಿಸಿ, ಬೆಲೆ ಗೊತ್ತುಮಾಡಿ, ಓದುಗರಿಗೆ ಮುಟ್ಟಿಸಿ, ಲಾಭವನ್ನೂ ನಷ್ಟವನ್ನೂ ತಮ್ಮ ಲೆಕ್ಕಕ್ಕೇ ಬರೆದುಕೊಳ್ಳುವುದು. ಯಾವುದೋ ಪ್ರಕಾಶಕರಿಗೆ ದುಡ್ಡು ಕಟ್ಟಿ ಅವರ ಹೆಸರಿನಲ್ಲಿ ಪುಸ್ತಕ ತರಿಸಿಕೊಳ್ಳುವುದು ಬೇರೆ ವ್ಯವಹಾರ. ಅಲ್ಲಿ ಹಣ ಲೇಖಕರದು, ದಾಸ್ತಾನು ಮತ್ತೊಬ್ಬರದು. ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಮಾರಿತು ಎಂಬುದು ಬರೆದವರಿಗೆ ತಿಳಿಯುವುದೇ ಇಲ್ಲ. ಎರಡನ್ನೂ ಒಂದೇ ಎಂದುಕೊಂಡು ಕೈ ಸುಟ್ಟುಕೊಂಡವರು ಬಹಳ ಮಂದಿ. ಸ್ವತಂತ್ರ ಲೇಖಕನೆಂದರೆ ಖರ್ಚಿನ ಜೊತೆಗೆ ಹಕ್ಕು, ದಾಸ್ತಾನು, ಲೆಕ್ಕದ ಪುಸ್ತಕ ಈ ಮೂರನ್ನೂ ತನ್ನ ಕೈಯಲ್ಲೇ ಇಟ್ಟುಕೊಂಡವನು.

ಕಾಗವಾಡ ತಾಲ್ಲೂಕಿನ ಜುಗೂಳದಂಥ ಊರಿನಲ್ಲಿ ಕುಳಿತು ಬರೆಯುವವರಿಗೆ ಈ ದಾರಿ ಕಣ್ಣಿಗೆ ಮೊದಲು ಬೀಳುವುದಕ್ಕೆ ಕಾರಣವಿದೆ. ಊರು ಕೃಷ್ಣೆಯ ದಂಡೆಯ ಮೇಲಿದೆ. ಆಚೆ ದಂಡೆ ಮಹಾರಾಷ್ಟ್ರ. ಕನ್ನಡದ ದೊಡ್ಡ ಪ್ರಕಾಶಕರು ಇರುವುದು ಬೆಂಗಳೂರು, ಮೈಸೂರು, ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ. ಬೆಂಗಳೂರು ಇಲ್ಲಿಂದ ಸುಮಾರು 600 ಕಿಲೋಮೀಟರ್. ಹಸ್ತಪ್ರತಿ ಕಳಿಸಿ ವರ್ಷಗಟ್ಟಲೆ ಉತ್ತರಕ್ಕೆ ಕಾಯುವ ಬದಲು ತಾವೇ ಅಚ್ಚಿಗೆ ಕೊಡುವುದು ಮೇಲು ಎಂದು ಗಡಿಭಾಗದ ಶಿಕ್ಷಕ, ರೈತ, ನಿವೃತ್ತ ನೌಕರ ಯೋಚಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಜಾತ್ರೆಗಳಲ್ಲಿ ಡೊಳ್ಳಿನ ಪದ, ಭಜನೆ ಪದ, ಲಾವಣಿಗಳ ತೆಳ್ಳನೆಯ ಪುಸ್ತಿಕೆಗಳನ್ನು ಮಾರುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು. ಪದ ಕಟ್ಟಿದವರು ತಾವೇ ಹಾಡಿ, ಪದಗಳ ಪುಸ್ತಿಕೆಯನ್ನು ತಾವೇ ಮಾರುವುದನ್ನು ಯಾರೂ ಸ್ವಂತ ಪ್ರಕಟಣೆ ಎಂದು ಕರೆಯಲಿಲ್ಲ, ಅಷ್ಟೇ.

ಕನ್ನಡದ ಮಟ್ಟಿಗೆ ಇದು ಸೋತವರ ದಾರಿಯಲ್ಲ. ಆಧುನಿಕ ಕನ್ನಡ ಸಾಹಿತ್ಯದ ಕೆಲವು ದೊಡ್ಡ ಹೆಸರುಗಳು ನಡೆದದ್ದು ಇದೇ ದಾರಿಯಲ್ಲಿ. ಅವರಲ್ಲಿ ಮೊದಲು ಹೇಳಬೇಕಾದವರು ಗಳಗನಾಥರು.

ಹೊತ್ತು ಮಾರಿದ ಕಾದಂಬರಿಕಾರ

ವೆಂಕಟೇಶ ತಿರಕೋ ಕುಲಕರ್ಣಿ 1869ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ಹುಟ್ಟಿದರು. ಊರಿನ ಹೆಸರೇ ಅವರ ಹೆಸರಾಗಿ ನಿಂತಿತು. ವೃತ್ತಿಯಿಂದ ಶಾಲಾ ಮಾಸ್ತರು. ಮುಂಬಯಿ ಕರ್ನಾಟಕದಲ್ಲಿ ಮರಾಠಿಯ ಕಾವು ಜೋರಾಗಿದ್ದ ಕಾಲವದು. ಓದು ಬಲ್ಲ ಕನ್ನಡಿಗರು ಮರಾಠಿ ಪುಸ್ತಕ ಓದುತ್ತಿದ್ದರು, ಮರಾಠಿ ನಾಟಕ ನೋಡುತ್ತಿದ್ದರು. ಕನ್ನಡದಲ್ಲಿ ಓದಲು ಏನಿದೆ ಎಂಬ ಪ್ರಶ್ನೆಗೆ ಗಳಗನಾಥರು ಕೊಟ್ಟ ಉತ್ತರ ಕಾದಂಬರಿ. ‘ಪ್ರಬುದ್ಧ ಪದ್ಮನಯನೆ’ಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ಬಂತು. ಮುಂದೆ ‘ಕುಮುದಿನಿ’, ‘ಮಾಧವ ಕರುಣಾ ವಿಲಾಸ’, ‘ಕನ್ನಡಿಗರ ಕರ್ಮಕಥೆ’ ಹೀಗೆ ಸಾಲುಸಾಲಾಗಿ ಬರೆದರು. ಅವುಗಳಲ್ಲಿ ಹಲವಕ್ಕೆ ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳೇ ಮೂಲ. ಮರಾಠಿ ಓದುತ್ತಿದ್ದ ಕನ್ನಡಿಗನನ್ನು ಮರಾಠಿಯ ಕಥೆಯಿಂದಲೇ ಕನ್ನಡಕ್ಕೆ ಎಳೆದು ತಂದ ಜಾಣತನ ಅದು.

ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕತ್ವ ಅವರಿಗೆ ಚಂದಾದಾರರನ್ನು ಕೊಟ್ಟಿತು. ಪತ್ರಿಕೆಯ ಓದುಗನೇ ಪುಸ್ತಕದ ಗಿರಾಕಿಯೂ ಆಗುತ್ತಾನೆ ಎಂಬ ಲೆಕ್ಕ ಇಂದಿಗೂ ಕೆಡದ ಲೆಕ್ಕ. ಆದರೆ ಗಳಗನಾಥರ ಹೆಸರು ಜನರ ಬಾಯಲ್ಲಿ ಉಳಿದದ್ದು ಇನ್ನೊಂದು ಕಾರಣಕ್ಕೆ. ಅವರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮನೆಮನೆಗೆ ಹೋಗಿ ಮಾರಿದರು. ಕಾದಂಬರಿ ಪಿತಾಮಹ ಎಂದು ಕನ್ನಡಿಗರು ಗೌರವದಿಂದ ಕರೆಯುವ ಲೇಖಕ ಬಿಸಿಲಿನಲ್ಲಿ ಪುಸ್ತಕದ ಗಂಟು ಹೊತ್ತು ನಡೆದ ಎಂಬುದನ್ನು ನಾವು ಸಾಮಾನ್ಯವಾಗಿ ತ್ಯಾಗದ ಕಥೆಯಾಗಿ ಹೇಳುತ್ತೇವೆ. ಅದನ್ನು ವ್ಯಾಪಾರದ ಕಥೆಯಾಗಿಯೂ ಓದಬೇಕು. ಅಂಗಡಿ ಇಲ್ಲದ ಊರಿಗೆ ಪುಸ್ತಕ ತಲುಪುವ ಒಂದೇ ಬಗೆ ಅದಾಗಿತ್ತು; ಯಾವ ಊರಿನಲ್ಲಿ ಯಾರು ಓದುತ್ತಾರೆ, ಏನು ಕೇಳುತ್ತಾರೆ ಎಂಬುದು ಹಾಗೆ ತಿರುಗಿದವರಿಗಲ್ಲದೆ ಇನ್ನಾರಿಗೂ ತಿಳಿಯುವಂತಿರಲಿಲ್ಲ. ಗಳಗನಾಥರು 1942ರಲ್ಲಿ ತೀರಿಕೊಂಡರು. ಅವರ ಕೃತಿಗಳ ಹಕ್ಕಿನ ಅವಧಿ ಮುಗಿದಿರುವುದರಿಂದ ಈಗ ಯಾರು ಬೇಕಾದರೂ ಅವನ್ನು ಮರುಮುದ್ರಿಸಬಹುದು.

ಅದೇ ಹೊತ್ತಿನಲ್ಲಿ ಹಳೆಯ ಮೈಸೂರು ಸೀಮೆಯ ನಂಜನಗೂಡಿನಲ್ಲಿ ಇನ್ನೊಬ್ಬರು ಇದೇ ಕೆಲಸಕ್ಕೆ ಕೈಹಾಕಿದ್ದರು. ತಿರುಮಲಾಂಬ (1887–1982) ಬಾಲ್ಯದಲ್ಲೇ ಮದುವೆಯಾಗಿ ಹದಿಹರೆಯದಲ್ಲೇ ವಿಧವೆಯಾದವರು. ಮನೆಯಲ್ಲೇ ಓದಿದರು. ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ಕಟ್ಟಿ 1913ರಲ್ಲಿ ‘ಸುಶೀಲೆ’ ಕಾದಂಬರಿ ತಂದರು. 1917ರಲ್ಲಿ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ ಆರಂಭಿಸಿದರು. ಲೇಖಕಿ, ಸಂಪಾದಕಿ, ಪ್ರಕಾಶಕಿ ಮೂವರೂ ಒಬ್ಬರೇ. ಹೆಣ್ಣುಮಕ್ಕಳು ಬರೆಯುವುದನ್ನೇ ಊರು ಹುಬ್ಬೇರಿಸಿ ನೋಡುತ್ತಿದ್ದ ಕಾಲದಲ್ಲಿ ಪ್ರಕಾಶಕರ ಬಾಗಿಲಿಗೆ ಹೋಗಿ ನಿಲ್ಲುವುದಕ್ಕಿಂತ ಬಾಗಿಲನ್ನೇ ಸ್ವಂತಕ್ಕೆ ಕಟ್ಟಿಕೊಳ್ಳುವುದು ಅವರಿಗೆ ಸಾಧ್ಯವಿದ್ದ ಏಕೈಕ ಉಪಾಯ. ವರ್ಜೀನಿಯಾ ವುಲ್ಫ್ ಮತ್ತು ಆಕೆಯ ಪತಿ ಲೆನಾರ್ಡ್ ಲಂಡನ್ನಿನ ರಿಚ್ಮಂಡ್‌ನ ಮನೆಯಲ್ಲಿ ಕೈಯಚ್ಚಿನ ಯಂತ್ರವಿಟ್ಟು ಹೊಗಾರ್ತ್ ಪ್ರೆಸ್ ಆರಂಭಿಸಿದ್ದು 1917ರಲ್ಲಿ. ಆ ಕಥೆ ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ತಿರುಮಲಾಂಬರ ಗ್ರಂಥಮಾಲೆ ಅದಕ್ಕಿಂತ ನಾಲ್ಕು ವರ್ಷ ಹಿರಿದು ಎಂಬುದು ಎಷ್ಟು ಮಂದಿಗೆ ಗೊತ್ತು?

ಮುಂದಿನ ತಲೆಮಾರಿನಲ್ಲಿ ಶಿವರಾಮ ಕಾರಂತರು ಈ ದಾರಿಯನ್ನು ಅದರ ಕೊನೆಯವರೆಗೂ ನಡೆದರು. ಪುತ್ತೂರಿನಲ್ಲಿ ಅವರದೇ ಮುದ್ರಣಾಲಯ, ಅವರದೇ ಹರ್ಷ ಪ್ರಕಟಣಾಲಯ. ಬರೆದದ್ದೂ ಅವರೇ, ಹಲವು ಪುಸ್ತಕಗಳಿಗೆ ಚಿತ್ರ ಮತ್ತು ಮುಖಪುಟ ಬರೆದದ್ದೂ ಅವರೇ. ಮಕ್ಕಳಿಗಾಗಿ 1936ರಲ್ಲಿ ತಂದ ಮೂರು ಸಂಪುಟಗಳ ‘ಬಾಲಪ್ರಪಂಚ’ವಾಗಲಿ, ಆಮೇಲಿನ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವಾಗಲಿ ಲಾಭ ನೋಡುವ ಯಾವ ಪ್ರಕಾಶಕನೂ ಸುಲಭವಾಗಿ ಒಪ್ಪುವಂಥ ಯೋಜನೆಯಲ್ಲ. ಸ್ವಂತ ಪ್ರಕಟಣೆಯ ದೊಡ್ಡ ಪ್ರಯೋಜನ ಇಲ್ಲಿದೆ: ಪೇಟೆ ಕೇಳದಿದ್ದ ಪುಸ್ತಕವನ್ನೂ ಬರೆದವರು ತರಬಹುದು. ಅದರ ದೊಡ್ಡ ಅಪಾಯವೂ ಇಲ್ಲೇ ಇದೆ, ಏಕೆಂದರೆ ಬೇಡ ಎನ್ನುವವರು ಯಾರೂ ಇರುವುದಿಲ್ಲ. ಕಾರಂತರಿಗೆ ಆ ‘ಬೇಡ’ವನ್ನು ತಮಗೆ ತಾವೇ ಹೇಳಿಕೊಳ್ಳುವ ಶಕ್ತಿ ಇತ್ತೇ ಎಂಬುದನ್ನು ಅವರ ನಾನೂರಕ್ಕೂ ಹೆಚ್ಚು ಕೃತಿಗಳನ್ನು ಓದಿದವರು ತೀರ್ಮಾನಿಸಬೇಕು.

ಮಾಸ್ತಿಯವರ ಪುಸ್ತಕಗಳು ಬೆಂಗಳೂರಿನ ಅವರದೇ ಜೀವನ ಕಾರ್ಯಾಲಯದಿಂದ, ಕುವೆಂಪು ಅವರವು ಮೈಸೂರಿನ ಮನೆಯ ಹೆಸರಿನ ಉದಯರವಿ ಪ್ರಕಾಶನದಿಂದ, ಲಂಕೇಶರವು ಪತ್ರಿಕೆ ಪ್ರಕಾಶನದಿಂದ ಬಂದವು. ಕನ್ನಡದ ಜ್ಞಾನಪೀಠ ಪುರಸ್ಕೃತರಲ್ಲಿ ಕುವೆಂಪು, ಕಾರಂತ, ಮಾಸ್ತಿ ಮೂವರೂ ತಮ್ಮ ಪುಸ್ತಕಗಳ ಪ್ರಕಾಶನವನ್ನು ತಮ್ಮ ಕೈಯಲ್ಲಿಟ್ಟುಕೊಂಡವರು ಎಂಬುದು ಗಮನಿಸಬೇಕಾದ ಸಂಗತಿ. ಈ ಶತಮಾನದಲ್ಲಿ ಬಳ್ಳಾರಿ ಸೀಮೆಯ ಸಂಡೂರಿನ ವಸುಧೇಂದ್ರ ಸಾಫ್ಟ್‌ವೇರ್ ಕೆಲಸದ ನಡುವೆ ‘ಛಂದ ಪುಸ್ತಕ’ ಆರಂಭಿಸಿದರು. ಅವರ ಕಥೆ, ಪ್ರಬಂಧ, ಕಾದಂಬರಿಗಳೆಲ್ಲ ಅದರ ಮೂಲಕವೇ ಓದುಗರಿಗೆ ಮುಟ್ಟಿ, ಮರುಮುದ್ರಣ ಕಂಡವು. ಅಲ್ಲಿಗೇ ನಿಲ್ಲದೆ ಹೊಸ ಕಥೆಗಾರರಿಗಾಗಿ ಹಸ್ತಪ್ರತಿ ಸ್ಪರ್ಧೆ ಏರ್ಪಡಿಸಿ, ಬಹುಮಾನ ಕೊಟ್ಟು, ಆ ಪುಸ್ತಕಗಳನ್ನೂ ತಂದರು. ಸ್ವಂತಕ್ಕೆಂದು ಹಾಕಿದ ಅಂಗಡಿ ಬೇರೆಯವರಿಗೂ ಜಾಗ ಕೊಡುವಷ್ಟು ಬೆಳೆಯಬಹುದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಹಸ್ತಪ್ರತಿಯಿಂದ ಫಾರಂವರೆಗೆ

ಹೆಸರಾಂತರ ಕಥೆ ಹಾಗಿರಲಿ. ಜುಗೂಳದಲ್ಲೋ ಐನಾಪುರದಲ್ಲೋ ಇಂದು ಮೊದಲ ಪುಸ್ತಕ ತರಲು ಹೊರಟವರ ಮುಂದಿರುವ ಕೆಲಸ ಏನು?

ಮೊದಲನೆಯದು ತಿದ್ದುವ ಕಣ್ಣು. ಪ್ರಕಾಶಕರ ಬಳಿ ಇರುವ ಸಂಪಾದಕ ಇಲ್ಲಿಲ್ಲ. ಮುನ್ನುಡಿ ಬರೆದುಕೊಡುವ ಹಿರಿಯರು ಹೊಗಳುತ್ತಾರೆ. ತಿದ್ದುವುದು ಅವರ ಕೆಲಸವಲ್ಲ. ಆದ್ದರಿಂದ ಮುನ್ನುಡಿಗೆ ಯಾರನ್ನು ಕೇಳುವುದು ಎಂಬ ಯೋಚನೆಗಿಂತ ಹಸ್ತಪ್ರತಿಯನ್ನು ಕೆಂಪು ಪೆನ್ನು ಹಿಡಿದು ಓದುವವರು ಯಾರು ಎಂಬ ಯೋಚನೆ ಮೊದಲು ಬರಬೇಕು. ಈ ಕೆಲಸಕ್ಕೆ ಹಣ ಕೊಡುವುದು ನಮ್ಮಲ್ಲಿ ಇನ್ನೂ ರೂಢಿಯಾಗಿಲ್ಲ. ಪುಸ್ತಕದ ಖರ್ಚಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಹಣ ಮಾತ್ರ ಅದೇ.

ಎರಡನೆಯದು ಅಕ್ಷರ ಜೋಡಣೆ. ಈಗ ಹೆಚ್ಚಿನವರು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಯುನಿಕೋಡಿನಲ್ಲಿ ಬರೆಯುತ್ತಾರೆ. ಪೇಜ್‌ಮೇಕರ್ ಬಳಸುವ ಹಳೆಯ ಡಿಟಿಪಿ ಅಂಗಡಿಗಳು ಅದನ್ನು ನುಡಿ ಅಥವಾ ಶ್ರೀಲಿಪಿ ಅಕ್ಷರಗಳಿಗೆ ಬದಲಾಯಿಸಿಕೊಳ್ಳುತ್ತವೆ. ತಪ್ಪುಗಳು ನುಸುಳುವುದು ಈ ಬದಲಾವಣೆಯಲ್ಲೇ. ‘ರ‍್ಯಾಲಿ’ ಎಂದು ಬರೆದದ್ದು ಅರ್ಕಾವತ್ತು ಹೊತ್ತು ‘ರ್ಯಾಲಿ’ ಆಗುತ್ತದೆ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಉದ್ಧರಣ ಚಿಹ್ನೆಗಳು ತಿರುಗಿ ನಿಲ್ಲುತ್ತವೆ. ಹಸ್ತಪ್ರತಿಯಲ್ಲಿ ಸರಿಯಿತ್ತು ಎಂಬ ಧೈರ್ಯದಿಂದ ಕರಡು ನೋಡದೆ ಬಿಟ್ಟವರ ಪುಸ್ತಕದಲ್ಲಿ ಇಂಥವು ಪುಟಕ್ಕೆ ನಾಲ್ಕಾರು ಸಿಗುತ್ತವೆ. ಕರಡನ್ನು ಪರದೆಯ ಮೇಲೆ ಓದಬಾರದು; ಕಾಗದದ ಮೇಲೆ ಎರಡು ಸಲವಾದರೂ ಓದಬೇಕು, ಅದರಲ್ಲಿ ಒಂದು ಸಲ ಬರೆಯದೇ ಇದ್ದವರು ಓದಬೇಕು.

ಗಡಿಸೀಮೆಯ ಬರಹಗಾರರಿಗೆ ಇನ್ನೊಂದು ತೊಡಕಿದೆ. ‘ಹೊಂಟಾನ’, ‘ಮಾಡತಾಳ’, ‘ಬರೂದಿಲ್ಲ’ ಎಂದು ಪಾತ್ರದ ಬಾಯಲ್ಲಿ ಬರೆದದ್ದನ್ನು ದೂರದ ಊರಿನ ಕರಡು ತಿದ್ದುವವರು ತಪ್ಪೆಂದು ತಿಳಿದು ‘ಹೊರಟಿದ್ದಾನೆ’, ‘ಮಾಡುತ್ತಾಳೆ’, ‘ಬರುವುದಿಲ್ಲ’ ಎಂದು ‘ಶುದ್ಧ’ ಮಾಡಿಬಿಡುತ್ತಾರೆ. ಊರಮಾತಿನ ಪದಗಳ ಒಂದು ಪಟ್ಟಿ ಮಾಡಿ, ಇವು ಹೀಗೇ ಇರಬೇಕು ಎಂದು ಬರೆದುಕೊಟ್ಟರೆ ಈ ಕಾಟ ತಪ್ಪುತ್ತದೆ. ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ದಲ್ಲಿ ಈ ಸೀಮೆಯ ಜೈನ ಒಕ್ಕಲು ಮನೆಗಳ ಬದುಕನ್ನೂ ಮಾತನ್ನೂ ಕನ್ನಡ ಕಾದಂಬರಿಗೆ ತಂದರು. ಶಾಲಾ ಮಾಸ್ತರರಾಗಿದ್ದ ಅವರು ಊರಮಾತಿಗೆ ನಾಚಲಿಲ್ಲ. ಆ ಮಾತೇ ಅವರ ಕಾದಂಬರಿಯನ್ನು ಉಳಿಸಿದೆ.

ಮೂರನೆಯದು ಅಚ್ಚು. ಮುದ್ರಕರ ಲೆಕ್ಕ ನಡೆಯುವುದು ಫಾರಂನಲ್ಲಿ. 1/8 ಡೆಮಿ ಅಳತೆಯ ಪುಸ್ತಕದಲ್ಲಿ ಒಂದು ಡೆಮಿ ಹಾಳೆ ಎರಡೂ ಬದಿ ಅಚ್ಚಾಗಿ ಮಡಚಿದಾಗ 16 ಪುಟವಾಗುತ್ತದೆ. ಅದು ಒಂದು ಫಾರಂ. 160 ಪುಟದ ಪುಸ್ತಕವೆಂದರೆ 10 ಫಾರಂ. ಸಾವಿರ ಪ್ರತಿಗೆ ಹತ್ತು ಸಾವಿರ ಹಾಳೆ, ಅಂದರೆ 500 ಹಾಳೆಯ ರೀಮಿನ ಲೆಕ್ಕದಲ್ಲಿ 20 ರೀಮು ಕಾಗದ, ಜೊತೆಗೆ ಹಾಳಾಗುವುದಕ್ಕೆಂದು ಸ್ವಲ್ಪ ಹೆಚ್ಚು. 163 ಪುಟವಾದರೆ ಮುಂದಿನ ಫಾರಂಗೆ ಜಾರುತ್ತದೆ, ಖರ್ಚೂ ಜಾರುತ್ತದೆ. ಮೂರು ಪುಟ ಕಡಿಮೆ ಮಾಡುವುದು ಜಾಣತನ. ಕನ್ನಡ ಪುಸ್ತಕದ ಹಕ್ಕುಗಳ ಪುಟವನ್ನು ತೆರೆದು ನೋಡಿದರೆ ಮೊದಲ ಮುದ್ರಣದ ವರ್ಷ, ಪುಟಸಂಖ್ಯೆ, ಪ್ರತಿಗಳ ಸಂಖ್ಯೆ, ಬೆಲೆಯ ಜೊತೆಗೆ ‘ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್‌ಲಿಥೋ, 1/8 ಡೆಮಿ’ ಎಂಬಂಥ ಸಾಲು ಕಾಣುತ್ತದೆ. ಓದುಗರಿಗೆ ಅದರಿಂದ ಏನೂ ಆಗಬೇಕಿಲ್ಲ. ಗ್ರಂಥಾಲಯ ಇಲಾಖೆಗೆ ಪುಸ್ತಕ ಕೊಡಬೇಕಾದಾಗ ಆ ಸಾಲು ಬೇಕಾಗುತ್ತದೆ.

ಮೊದಲ ಪುಸ್ತಕಕ್ಕೆ ಸಾವಿರ ಪ್ರತಿ ಹಾಕಿಸುವುದು ಹಳೆಯ ಚಟ. ಆಫ್‌ಸೆಟ್ ಮುದ್ರಣದಲ್ಲಿ ಪ್ರತಿ ಹೆಚ್ಚಾದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ ಎಂಬುದು ಅದಕ್ಕೆ ಕಾರಣ. ಆದರೆ ಮಾರದೆ ಉಳಿದ ಪ್ರತಿಗೆ ಅಗ್ಗದ ಮಾತೇ ಇಲ್ಲ. ಈಗ ಡಿಜಿಟಲ್ ಮುದ್ರಣದಲ್ಲಿ ನೂರು, ಇನ್ನೂರು ಪ್ರತಿಯನ್ನೂ ಹಾಕಿಸಬಹುದು. ಬೆಂಗಳೂರಿನ ಪೋಥಿ ಡಾಟ್ ಕಾಮ್‌ನಂಥ ಸಂಸ್ಥೆಗಳು ಬೇಡಿಕೆ ಬಂದಾಗ ಒಂದೇ ಪ್ರತಿಯನ್ನೂ ಮುದ್ರಿಸಿ ಕಳಿಸುತ್ತವೆ. ಪ್ರತಿಯ ಬೆಲೆ ಹೆಚ್ಚು ಬೀಳುತ್ತದೆ, ದಾಸ್ತಾನಿನ ಚಿಂತೆ ಇರುವುದಿಲ್ಲ. ಕೃಷ್ಣೆಯ ದಂಡೆಯ ಊರುಗಳಲ್ಲಿ ದಾಸ್ತಾನಿನ ಚಿಂತೆ ಸಣ್ಣದಲ್ಲ. 2005, 2019, 2021ರ ನೆರೆಯನ್ನು ಕಂಡವರಿಗೆ ಪುಸ್ತಕದ ಕಟ್ಟುಗಳನ್ನು ನೆಲದ ಮೇಲೆ ಇಡಬಾರದೆಂದು ಯಾರೂ ಹೇಳಿಕೊಡಬೇಕಿಲ್ಲ.

ಕಾಗದಪತ್ರ

ಕಾನೂನಿನ ಭಾಗ ಜನ ಹೆದರುವಷ್ಟು ಕಷ್ಟದ್ದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಆ ಹಕ್ಕು ಲೇಖಕರ ಆಯುಷ್ಯಪೂರ್ತಿ, ಅನಂತರ 60 ವರ್ಷ ಇರುತ್ತದೆ. ಐಎಸ್‌ಬಿಎನ್ ಎಂಬ 13 ಅಂಕಿಯ ಸಂಖ್ಯೆಯನ್ನು ಭಾರತದಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದಡಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಲೇಖಕರೂ ತಮ್ಮ ಹೆಸರಿನಲ್ಲೇ ಅರ್ಜಿ ಹಾಕಬಹುದು. ಸಂಖ್ಯೆ ಕೊಡಿಸುತ್ತೇವೆಂದು ಸಾವಿರಗಟ್ಟಲೆ ಕೇಳುವವರಿಗೆ ಹಣ ಕೊಡುವ ಅಗತ್ಯವಿಲ್ಲ. ಮುದ್ರಿತ ಪುಸ್ತಕ, ಇ-ಪುಸ್ತಕ ಇವೆರಡಕ್ಕೂ ಬೇರೆ ಬೇರೆ ಸಂಖ್ಯೆ ಬೇಕು.

1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆ ಒಂದೂವರೆ ಶತಮಾನ ಈ ದೇಶದ ಪ್ರತಿ ಪುಸ್ತಕದ ಮೇಲೂ ಮುದ್ರಕರ ಹೆಸರು, ಮುದ್ರಣವಾದ ಊರು ಇರಬೇಕೆಂದು ವಿಧಿಸಿತ್ತು. ಅದರ ಜಾಗಕ್ಕೆ 2023ರಲ್ಲಿ ಬಂದು 2024ರ ಮಾರ್ಚ್ 1ರಿಂದ ಜಾರಿಯಾದ ಹೊಸ ಕಾಯ್ದೆ ಪುಸ್ತಕಗಳನ್ನು ತನ್ನ ವ್ಯಾಪ್ತಿಯಿಂದ ಬಿಟ್ಟಿದೆ. ಆದರೂ ಮುದ್ರಕರ, ಪ್ರಕಾಶಕರ ಹೆಸರು ಹಾಕುವುದೇ ಲೇಸು. ಅಂಚೆಯ ರಿಯಾಯಿತಿಗೆ ಅದು ಬೇಕಾಗುತ್ತದೆ. 1954ರ ಕಾಯ್ದೆಯಂತೆ ಪ್ರಕಟವಾದ ಪುಸ್ತಕವನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಗೊತ್ತಾದ ಇತರ ಗ್ರಂಥಾಲಯಗಳಿಗೂ ಪ್ರಕಾಶಕರ ಖರ್ಚಿನಲ್ಲಿ ಕಳಿಸಬೇಕು.

ರಾಜ್ಯ ಗ್ರಂಥಾಲಯ ಇಲಾಖೆಯ ಖರೀದಿ ಕನ್ನಡದ ಪ್ರಕಾಶಕರಿಗೆ ಬೆನ್ನೆಲುಬು. ಪುಸ್ತಕವನ್ನು ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ನೋಂದಾಯಿಸಿ, ಇಲಾಖೆ ಅರ್ಜಿ ಕರೆದಾಗ ಏಕಗವಾಕ್ಷಿ ಯೋಜನೆಯಡಿ ಸಲ್ಲಿಸಿದರೆ ಆಯ್ಕೆ ಸಮಿತಿ ಒಪ್ಪಿದ ಪುಸ್ತಕದ ಸಾಮಾನ್ಯವಾಗಿ 300 ಪ್ರತಿಗಳನ್ನು ಕೊಳ್ಳಲಾಗುತ್ತದೆ. ದರವನ್ನು ಪುಟದ ಲೆಕ್ಕದಲ್ಲಿ ಇಲಾಖೆಯೇ ನಿಗದಿ ಮಾಡುತ್ತದೆ. ಆಯ್ಕೆ ತಡ, ಹಣ ಇನ್ನೂ ತಡ ಎಂಬುದು ಪ್ರಕಾಶಕರ ಹಳೆಯ ಗೋಳು. ಕಬ್ಬಿನ ಬಿಲ್ಲಿಗಾಗಿ ಕಾದು ಅಭ್ಯಾಸವಿರುವ ಈ ಭಾಗದ ಬರಹಗಾರರಿಗೆ ಇದು ಹೊಸ ಅನುಭವವೇನೂ ಅಲ್ಲ. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗಳ ಪ್ರಕಟಣೆಗೆ ಪ್ರೋತ್ಸಾಹಧನ ಕೊಡುತ್ತದೆ, ಹಸ್ತಪ್ರತಿ ಆಯ್ಕೆಯಾಗಬೇಕು. ಈ ಎರಡೂ ನೆರವನ್ನು ಬಂದರೆ ಬರಲಿ ಎಂದು ಲೆಕ್ಕದ ಹೊರಗಿಟ್ಟೇ ಪುಸ್ತಕದ ಆಯವ್ಯಯ ಹಾಕುವುದು ಒಳ್ಳೆಯದು.

ಮಾರುವುದೇ ಕೆಲಸ

ಬರೆಯುವುದು ಒಂದು ಕಷ್ಟ, ಅಚ್ಚು ಹಾಕಿಸುವುದು ಇನ್ನೊಂದು. ಇವೆರಡೂ ಮುಗಿಯುವ ಕಷ್ಟಗಳು. ಸ್ವತಂತ್ರ ಲೇಖಕರ ನಿಜವಾದ ಕೆಲಸ ಪುಸ್ತಕದ ಕಟ್ಟುಗಳು ಮನೆಗೆ ಬಂದಿಳಿದ ದಿನ ಆರಂಭವಾಗುತ್ತದೆ.

ಲೆಕ್ಕ ಹೀಗೆ. ಒಂದು ಪ್ರತಿಗೆ ಎಲ್ಲ ಸೇರಿ 60 ರೂಪಾಯಿ ಖರ್ಚು ಬಿತ್ತು, 500 ಪ್ರತಿಗೆ 30,000 ರೂಪಾಯಿ ಹಾಕಿದ್ದಾಯಿತು ಎಂದುಕೊಳ್ಳೋಣ. ಮುಖಬೆಲೆ 160 ರೂಪಾಯಿ. ಪುಸ್ತಕದ ಅಂಗಡಿಯವರು ಶೇಕಡಾ 30ರಿಂದ 40ರವರೆಗೆ ಕಮಿಷನ್ ಕೇಳುತ್ತಾರೆ; 40 ಎಂದರೆ ಲೇಖಕರ ಕೈಗೆ 96 ರೂಪಾಯಿ. ಹಾಕಿದ ಹಣ ಮರಳಲು 313 ಪ್ರತಿ ಮಾರಬೇಕು, ಅದೂ ಉದ್ರಿ ಪೂರ್ತಿ ವಸೂಲಿಯಾದರೆ. ಅದೇ ಪುಸ್ತಕವನ್ನು ಶೇಕಡಾ 10 ರಿಯಾಯಿತಿಯಲ್ಲಿ ನೇರವಾಗಿ ಓದುಗರಿಗೆ ಕಳಿಸಿದರೆ 144 ರೂಪಾಯಿ ಬರುತ್ತದೆ. ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯವನ್ನು ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ಕಂಗಾಲಾಗಿದ್ದರು. 2025ರ ಮೇ 1ರಿಂದ ಬಂದ ‘ಜ್ಞಾನ್ ಪೋಸ್ಟ್’ನಲ್ಲಿ 300 ಗ್ರಾಂವರೆಗಿನ ಪುಸ್ತಕದ ಕಟ್ಟಿಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ ಎಂದು ದರ ಗೊತ್ತುಮಾಡಲಾಯಿತು. 160 ಪುಟದ ಪುಸ್ತಕ 200 ಗ್ರಾಂ ಆಸುಪಾಸು ತೂಗುತ್ತದೆ. ಅಂಚೆ ಕಳೆದು 124 ರೂಪಾಯಿ ಉಳಿದರೆ 242 ಪ್ರತಿಗೇ ಹಾಕಿದ ಹಣ ಬಂತು. ಎಪ್ಪತ್ತೊಂದು ಪ್ರತಿಗಳ ಈ ಅಂತರವೇ ಗಳಗನಾಥರು ನಡೆದ ನಡಿಗೆಯ ಬೆಲೆ.

ಈ ಲೆಕ್ಕವನ್ನು ತಲೆಕೆಳಗು ಮಾಡುವುದು ಗೌರವ ಪ್ರತಿ. ಬಿಡುಗಡೆ ಸಮಾರಂಭದ ವೇದಿಕೆಯ ಗಣ್ಯರಿಗೆ, ಸಂಬಂಧಿಕರಿಗೆ, ಸಹೋದ್ಯೋಗಿಗಳಿಗೆ, ವಿಮರ್ಶೆ ಬರೆಯುತ್ತೇವೆ ಎಂದವರಿಗೆ, ಬರೆಯದಿದ್ದವರಿಗೆ ಹೀಗೆ ಕೊಡುತ್ತ ಹೋದರೆ ನೂರು ಪ್ರತಿ ಕಾಣದಂತೆ ಕರಗುತ್ತವೆ. ಶಾಲು, ಹಾರ, ಊಟ, ಬ್ಯಾನರಿನ ಖರ್ಚು ಕೆಲವೊಮ್ಮೆ ಅಚ್ಚಿನ ಖರ್ಚನ್ನೇ ಮೀರುತ್ತದೆ. ಸಮಾರಂಭ ಬೇಡವೆಂದಲ್ಲ. ಆ ದಿನ ಬಾಗಿಲ ಬಳಿ ಒಂದು ಮೇಜು, ಚಿಲ್ಲರೆ, ಹಣ ಕಳಿಸುವ ಕ್ಯೂಆರ್ ಚೀಟಿ ಮತ್ತು ಮಾರಲು ನಾಚದ ಒಬ್ಬ ಹುಡುಗ ಇದ್ದರೆ ವೇದಿಕೆಯ ಮೂರು ಭಾಷಣಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ದಿನವನ್ನೂ ನೋಡಿ ಆರಿಸಬೇಕು. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಸೀಮೆಯ ರೈತರಿಗೆ ಸಭೆಗೆ ಬರಲು ಬಿಡುವಿರುವುದಿಲ್ಲ. ಜಾತ್ರೆಯ ದಿನಗಳಲ್ಲಿ ಜನರೂ ಸೇರುತ್ತಾರೆ, ಜೇಬಿನಲ್ಲಿ ದುಡ್ಡೂ ಇರುತ್ತದೆ.

ಗಡಿಯಾಚೆಗೂ ಓದುಗರಿದ್ದಾರೆ. ಸಾಂಗಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕುಗಳಲ್ಲಿ ಕನ್ನಡ ಶಾಲೆಗಳಿವೆ, ಕನ್ನಡ ಶಿಕ್ಷಕರಿದ್ದಾರೆ. ಕರ್ನಾಟಕದ ಗ್ರಂಥಾಲಯ ಯೋಜನೆಯಾಗಲಿ ಬೆಂಗಳೂರಿನ ವಿತರಕರಾಗಲಿ ಅಲ್ಲಿಗೆ ಪುಸ್ತಕ ಮುಟ್ಟಿಸುವುದು ಅಪರೂಪ. ಜುಗೂಳದವರಿಗೆ ಅದು ನೆರೆಮನೆ. ಇಂಥ ಕಡೆ ಹತ್ತು ಶಾಲೆಗಳ ಶಿಕ್ಷಕರ ಪರಿಚಯವಿರುವ ಲೇಖಕರಿಗೆ ಇರುವ ಅನುಕೂಲ ರಾಜಧಾನಿಯ ಪ್ರಕಾಶಕರಿಗೂ ಇಲ್ಲ.

ಇ-ಪುಸ್ತಕದ ಮಾತು ಇಲ್ಲಿ ಬರಬೇಕು. ಅಮೆಜಾನ್ 2016ರ ಕೊನೆಯಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಆಚೆ ದಂಡೆಯ ಮರಾಠಿ ಲೇಖಕರಿಗೆ ತೆರೆದ ಬಾಗಿಲು ಈಚೆಯವರಿಗೆ ಆಗ ತೆರೆಯಲಿಲ್ಲ. ಆ ಕೊರತೆಯನ್ನು ಕನ್ನಡಿಗರೇ ಆರಂಭಿಸಿದ ಮೈಲ್ಯಾಂಗ್ ಇ-ಪುಸ್ತಕ ಮತ್ತು ಕೇಳುಪುಸ್ತಕಗಳ ಮೂಲಕ ಸ್ವಲ್ಪ ತುಂಬಿದೆ. ಬೆಂಗಳೂರಿನ ಪ್ರತಿಲಿಪಿಯಲ್ಲಿ ಯಾರು ಬೇಕಾದರೂ ಕನ್ನಡದಲ್ಲಿ ಬರೆದು ಹಾಕಬಹುದು, ಓದುಗರ ಅಭಿಪ್ರಾಯ ಅಲ್ಲೇ ಸಿಗುತ್ತದೆ. ಮುದ್ರಿತ ಪುಸ್ತಕ ಮುಟ್ಟದ ದುಬೈ, ಡಲ್ಲಾಸ್‌ಗಳ ಕನ್ನಡಿಗರಿಗೆ ಇದು ದಾರಿ. ಊರಿನ ಓದುಗರಲ್ಲಿ ಹೆಚ್ಚಿನವರು ಈಗಲೂ ಕೈಯಲ್ಲಿ ಹಿಡಿಯುವ ಪುಸ್ತಕವನ್ನೇ ಕೇಳುತ್ತಾರೆ.

ಮೊದಲ ಪುಸ್ತಕವನ್ನು ಪರಿಚಯದವರು ಕೊಳ್ಳುತ್ತಾರೆ, ಕೆಲವರು ದಾಕ್ಷಿಣ್ಯಕ್ಕಾಗಿ. ಎರಡನೆಯದನ್ನು ಕೊಳ್ಳುವವರು ಮೊದಲನೆಯದನ್ನು ಓದಿ ಮೆಚ್ಚಿದವರು ಮಾತ್ರ. ಆದ್ದರಿಂದ ಸ್ವತಂತ್ರ ಲೇಖಕರು ಆದರೋ ಇಲ್ಲವೋ ಎಂಬುದು ಎರಡನೆಯ ಪುಸ್ತಕದಲ್ಲಿ ತೀರ್ಮಾನವಾಗುತ್ತದೆ. ಮೊದಲನೆಯದನ್ನು ಕೊಂಡವರ ಹೆಸರು, ಊರು, ಫೋನ್ ನಂಬರನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟವರಿಗೆ ಎರಡನೆಯದಕ್ಕೆ ಪ್ರಕಟಣಪೂರ್ವ ಬೆಲೆ ಗೊತ್ತುಮಾಡಿ ಮುಂಗಡ ಕೇಳುವ ಧೈರ್ಯ ಬರುತ್ತದೆ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆಯೇ ದಶಕಗಟ್ಟಲೆ ನಡೆಯಿತು. ಐವತ್ತು ಮಂದಿ ಮುಂಗಡ ಕೊಟ್ಟರೆ ಕಾಗದದ ಖರ್ಚಾದರೂ ಹುಟ್ಟುತ್ತದೆ. ಐವತ್ತೂ ಬರದಿದ್ದರೆ ಆ ಪುಸ್ತಕ ಇನ್ನೊಂದು ಸಲ ತಿದ್ದಿಸಿಕೊಳ್ಳಲು ಕಾಯಬೇಕೆಂದು ಅರ್ಥ.

ಓದುಗರ ಪಾಲೂ ಇದರಲ್ಲಿದೆ. ಊರಿನ ಮಾಸ್ತರರೋ ನೆರೆಯ ಹೆಣ್ಣುಮಗಳೋ ತಮ್ಮ ಪುಸ್ತಕ ತಂದಾಗ ಗೌರವ ಪ್ರತಿ ಕೇಳಬೇಡಿ. ಮುಖಬೆಲೆ ಕೊಟ್ಟು ಕೊಳ್ಳಿ, ಓದಿ, ಹಿಡಿಸದಿದ್ದರೆ ಅದನ್ನೂ ಅವರಿಗೆ ಹೇಳಿ.